ಹೊಸ ಔಷಧ ನಮ್ಮ ಕೈಗೆ ಬರುವ ಮುನ್ನ: ದಾವಣಗೆರೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು ಕೆಲವು ವರ್ಷಗಳಿಂದ ದಾವಣಗೆರೆಯ ಒಂದು ಆಸ್ಪತ್ರೆಯ ನೈತಿಕ ಸಮಿತಿಯಲ್ಲಿ, ಎಂದರೆ ಔಷಧ ಪ್ರಯೋಗಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಸಮಿತಿಯಲ್ಲಿ, ವೈದ್ಯನಲ್ಲದ ಸದಸ್ಯನಾಗಿದ್ದೇನೆ. ಔಷಧ ಪ್ರಯೋಗಕ್ಕೆ ಸೇರುವವರಿಗೆ ಕೊಡುವ ಕನ್ನಡದ ಕಾಗದಗಳನ್ನು ಓದಿ, ಜಗಳೂರಿನಿಂದಲೋ ಹರಪನಹಳ್ಳಿಯಿಂದಲೋ ಬಂದ ರೈತರಿಗೆ ಅವು ಅರ್ಥವಾಗುತ್ತವೆಯೇ ಎಂದು ಹೇಳುವುದು ಅಲ್ಲಿ ನನ್ನ ಪಾಲಿನ ಕೆಲಸ. ಈ ಸಂಗತಿ ತಿಳಿದ ನೆರೆಹೊರೆಯವರು, ಹಳೆಯ ವಿದ್ಯಾರ್ಥಿಗಳು ಮತ್ತು ಅವರ ಮನೆಯವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಯಾವ ಔಷಧ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಸಲಹೆ ಇಲ್ಲಿಲ್ಲ. ಅದು ವೈದ್ಯರಿಗೆ ಸೇರಿದ್ದು.

ಪ್ರಶ್ನೆ: ‘ಹೊಸ ಔಷಧ’ ಎಂದರೆ ಇದುವರೆಗೆ ಯಾರೂ ಕಾಣದ ಔಷಧವೇ?

ಹಾಗೇನೂ ಇಲ್ಲ. 2019ರ ಮಾರ್ಚ್‌ನಲ್ಲಿ ಪ್ರಕಟವಾದ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ (ಮನುಷ್ಯರ ಮೇಲಿನ ಔಷಧ ಪ್ರಯೋಗ) ನಿಯಮಗಳ ಪ್ರಕಾರ, ನಮ್ಮ ದೇಶದಲ್ಲಿ ಗಣನೀಯವಾಗಿ ಬಳಕೆಯಾಗದ ಮತ್ತು ಒಪ್ಪಿಗೆ ಪಡೆಯದ ಔಷಧವಷ್ಟೇ ಅಲ್ಲ, ಹಳೆಯ ಔಷಧವನ್ನು ಬೇರೊಂದು ಕಾಯಿಲೆಗೆ ಬಳಸುವುದಾಗಿ ಹೇಳಿದರೂ, ಎರಡು ಹಳೆಯ ಔಷಧಗಳನ್ನು ಮೊದಲ ಬಾರಿಗೆ ಒಂದೇ ಮಾತ್ರೆಯಲ್ಲಿ ಸೇರಿಸಿದರೂ ಅದು ಹೊಸ ಔಷಧವೇ. ಒಪ್ಪಿಗೆ ಸಿಕ್ಕ ನಂತರ ನಾಲ್ಕು ವರ್ಷ ಅದು ‘ಹೊಸದು’ ಎಂಬ ಪಟ್ಟಿಯಲ್ಲಿಯೇ ಇರುತ್ತದೆ. ಲಸಿಕೆಗಳಂತಹ ಕೆಲವು ಬಗೆಯವು ಮಾತ್ರ ಎಷ್ಟು ವರ್ಷವಾದರೂ ಹೊಸವೇ.

ಪ್ರಶ್ನೆ: ಔಷಧ ಮೊದಲು ಹುಟ್ಟುವುದೆಲ್ಲಿ?

ಕೆಲವು ಗಿಡಗಳಲ್ಲಿ, ಕೆಲವು ಬೂಷ್ಟಿನಲ್ಲಿ. ಈಗ ಬಹುಪಾಲು ರಸಾಯನಶಾಸ್ತ್ರಜ್ಞರ ಮೇಜಿನ ಮೇಲೆ. ಸರ್ಪಗಂಧವನ್ನೇ ನೋಡಿ. ನಮ್ಮ ಹಿರಿಯರು ಬಹಳ ಹಿಂದಿನಿಂದ ಬಳಸುತ್ತಿದ್ದ ಈ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲಿ ಬರೆದರು. ಮುಂಬಯಿಯ ವೈದ್ಯ ರುಸ್ತುಂ ಜಲ್ ವಕೀಲ್ ತಮ್ಮ ರೋಗಿಗಳಲ್ಲಿ ಕಂಡ ಫಲವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯವರು ಆ ಬೇರಿನಿಂದ ರೆಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಬೇರಿನ ಕಷಾಯದಿಂದ ಅಳತೆ ಮಾಡಿ ಕೊಡಬಹುದಾದ ಮಾತ್ರೆಯವರೆಗೆ ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇಂದಿಗೂ ಪ್ರಯೋಗಾಲಯದಿಂದ ಮೆಡಿಕಲ್ ಶಾಪಿಗೆ ಬರಲು ಒಂದು ಔಷಧ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ತೆಗೆದುಕೊಳ್ಳುತ್ತದೆ. ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಬಂದ ಔಷಧಗಳಲ್ಲಿಯೂ ಕೊನೆಗೆ ಒಪ್ಪಿಗೆ ಪಡೆಯುವುದು ಸುಮಾರು ಹತ್ತರಲ್ಲಿ ಒಂದು.

ಪ್ರಶ್ನೆ: ಪ್ರಾಣಿಗಳಿಗೆ ಏನೂ ಆಗದಿದ್ದರೆ ಮನುಷ್ಯರಿಗೂ ಏನೂ ಆಗುವುದಿಲ್ಲ ಎಂದು ನಂಬಬಹುದೇ?

ನಂಬಲಾಗದು. ಇಲಿಯಂತಹ ಒಂದು ಪ್ರಾಣಿ ಮತ್ತು ನಾಯಿ ಅಥವಾ ಕೋತಿಯಂತಹ ಇನ್ನೊಂದು ಪ್ರಾಣಿಯಲ್ಲಿ ವಿಷದ ಗುಣವನ್ನು ನೋಡುವುದು ವಾಡಿಕೆ. ಜೀವಕೋಶಗಳನ್ನು ಬೆಳೆಸಿದ ಪುಟ್ಟ ಚಿಪ್‌ಗಳು, ಕಂಪ್ಯೂಟರ್ ಮಾದರಿಗಳು ಮುಂತಾದ ಪ್ರಾಣಿರಹಿತ ವಿಧಾನಗಳಿಗೂ ಆ ನಿಯಮಗಳ 2023ರ ತಿದ್ದುಪಡಿ ಜಾಗ ಕೊಟ್ಟಿದೆ. ಇವು ಯಾವುವೂ ಮನುಷ್ಯನ ಮೈಗೆ ಸಮನಲ್ಲ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್ 1412 ಎಂಬ ಔಷಧವನ್ನು, ಕೋತಿಗಳಲ್ಲಿ ಸುರಕ್ಷಿತವೆಂದು ಕಂಡ ಪ್ರಮಾಣದ ಐನೂರರಲ್ಲಿ ಒಂದು ಭಾಗದಷ್ಟು ಮಾತ್ರ, ಆರು ಆರೋಗ್ಯವಂತ ಯುವಕರಿಗೆ ಒಬ್ಬರ ಬೆನ್ನಿಗೆ ಒಬ್ಬರಂತೆ ಕೆಲವೇ ನಿಮಿಷಗಳ ಅಂತರದಲ್ಲಿ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಆರೂ ಜನರ ಸ್ಥಿತಿ ಗಂಭೀರವಾಗಿ, ಹಲವು ಅಂಗಗಳು ಸೋತವು. ಎಲ್ಲರೂ ಜೀವ ಉಳಿಸಿಕೊಂಡರು. ಮೊದಲನೆಯವರಿಗೆ ಕೊಟ್ಟು, ಕಾದು ನೋಡಿ, ಆಮೇಲೆ ಎರಡನೆಯವರಿಗೆ ಕೊಡುವ ಪದ್ಧತಿ ಆ ಘಟನೆಯ ತರುವಾಯ ಗಟ್ಟಿಯಾಯಿತು.

ಪ್ರಶ್ನೆ: ಮನುಷ್ಯರ ಮೇಲೆ ಎಷ್ಟು ಹಂತಗಳಲ್ಲಿ ಪರೀಕ್ಷಿಸುತ್ತಾರೆ?

ಒಪ್ಪಿಗೆಗೆ ಮೊದಲು ಮೂರು, ನಂತರ ಒಂದು. ಮೊದಲನೆಯ ಹಂತದಲ್ಲಿ ಕೆಲವು ಹತ್ತು ಮಂದಿಗೆ, ಸಾಮಾನ್ಯವಾಗಿ ಆರೋಗ್ಯವಂತರಿಗೆ, ಔಷಧವನ್ನು ಮೈ ಎಷ್ಟರಮಟ್ಟಿಗೆ ತಾಳುತ್ತದೆ ಎಂದು ನೋಡಲು ಕೊಡುತ್ತಾರೆ. ಕ್ಯಾನ್ಸರ್ ಔಷಧವಾದರೆ ಇಲ್ಲಿಯೂ ರೋಗಿಗಳೇ ಇರುತ್ತಾರೆ. ಎರಡನೆಯದರಲ್ಲಿ ನೂರಾರು ರೋಗಿಗಳಲ್ಲಿ ಪ್ರಮಾಣವನ್ನೂ ಗುಣವನ್ನೂ ಅಂದಾಜು ಮಾಡುತ್ತಾರೆ. ಮೂರನೆಯದರಲ್ಲಿ ನೂರಾರು ಅಥವಾ ಸಾವಿರಾರು ರೋಗಿಗಳಲ್ಲಿ, ಈಗಿರುವ ಚಿಕಿತ್ಸೆಯ ಪಕ್ಕದಲ್ಲಿಟ್ಟು ತೂಗುತ್ತಾರೆ; ಯಾರಿಗೆ ಯಾವುದು ಎಂಬುದನ್ನು ಸಾಮಾನ್ಯವಾಗಿ ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ನಾಲ್ಕನೆಯದು ಮಾರುಕಟ್ಟೆಗೆ ಬಂದ ಮೇಲೆ.

ಪ್ರಶ್ನೆ: ಯಾವ ಔಷಧ ಒಳ್ಳೆಯದೆಂದು ಅನುಭವಿ ಡಾಕ್ಟರಿಗೆ ಗೊತ್ತಿರುವುದಿಲ್ಲವೇ? ಚೀಟಿ ಎತ್ತಿ ಚಿಕಿತ್ಸೆ ನಿರ್ಧರಿಸುವುದು ಎಂಥ ನ್ಯಾಯ?

ನನಗೂ ಮೊದಲು ಇದೇ ಅನುಮಾನ ಕಾಡಿತ್ತು. ನನಗೆ ದಾರಿ ತೋರಿಸಿದ್ದು ನಮ್ಮ ಸುತ್ತಲಿನ ಮೆಕ್ಕೆಜೋಳದ ಹೊಲಗಳು. ಹೊಸ ಬೀಜದ ಕಂಪನಿಯವರು ನೀರು ನಿಲ್ಲುವ ಎರೆಭೂಮಿಯಲ್ಲಿ ತಮ್ಮ ಬೀಜವನ್ನೂ ಕಲ್ಲುಭೂಮಿಯಲ್ಲಿ ಹಳೆಯ ಬೀಜವನ್ನೂ ಬಿತ್ತಿ ‘ನಮ್ಮದೇ ಹೆಚ್ಚು ಇಳುವರಿ’ ಎಂದರೆ ಯಾವ ರೈತರೂ ಒಪ್ಪುವುದಿಲ್ಲ. ಒಂದೇ ಮಣ್ಣು, ಒಂದೇ ಮಳೆ, ಒಂದೇ ಗೊಬ್ಬರ ಇರಬೇಕು; ಯಾವ ತಾಕಿಗೆ ಯಾವ ಬೀಜ ಎಂಬುದು ಮಾರುವವರ ಇಷ್ಟಕ್ಕೆ ಬಿಡಬಾರದು. ಚೀಟಿ ಎತ್ತಿ ಹಂಚುವ ಈ ವಿಧಾನ ರೂಪುಗೊಂಡದ್ದು ನಿಜಕ್ಕೂ ಹೊಲದಲ್ಲಿಯೇ: ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಬೆಳೆಗಳಿಗಾಗಿ ಅದನ್ನು ರೂಪಿಸಿದರು. ಆಸ್ಪತ್ರೆಗೆ ಅದು ಆಮೇಲೆ ಬಂದಿತು.

ಬ್ರಿಟನ್ನಿನಲ್ಲಿ 1948ರಲ್ಲಿ ಪ್ರಕಟವಾದ ಕ್ಷಯರೋಗದ ಪ್ರಯೋಗದಲ್ಲಿ 107 ರೋಗಿಗಳಿದ್ದರು. ಸ್ಟ್ರೆಪ್ಟೊಮೈಸಿನ್ ಆಗ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಹಾಗಾಗಿ ಯಾರಿಗೆ ಔಷಧ, ಯಾರಿಗೆ ವಿಶ್ರಾಂತಿ ಮಾತ್ರ ಎಂಬುದನ್ನು ಮುಚ್ಚಿದ ಲಕೋಟೆಗಳು ತೀರ್ಮಾನಿಸಿದವು. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿಯೂ, ವಿಶ್ರಾಂತಿಯ ಗುಂಪಿನ 52 ಜನರಲ್ಲಿ 14 ಮಂದಿಯೂ ತೀರಿಕೊಂಡರು. ಎರಡೂ ಗುಂಪು ಒಂದೇ ಬಗೆಯದಾಗಿದ್ದುದರಿಂದ ಈ ಅಂತರಕ್ಕೆ ಔಷಧವೇ ಕಾರಣವೆಂದು ಹೇಳಲು ಸಾಧ್ಯವಾಯಿತು.

ಅನುಭವ ದಾರಿ ತಪ್ಪಿಸಿದ ಉದಾಹರಣೆಯೂ ಇದೆ. ಹೃದಯಾಘಾತದ ನಂತರ ಬಡಿತ ತಾಳ ತಪ್ಪಿದರೆ ಅಪಾಯ. ಆದ್ದರಿಂದ ತಾಳವನ್ನು ಸರಿಪಡಿಸುವ ಮಾತ್ರೆ ಜೀವ ಉಳಿಸಲೇಬೇಕು ಎಂದು ತರ್ಕಿಸಿ ಅಮೆರಿಕದ ವೈದ್ಯರು ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಮಾತ್ರೆಗಳನ್ನು ಧಾರಾಳವಾಗಿ ಬರೆಯುತ್ತಿದ್ದರು. ಇಸಿಜಿಯಲ್ಲಿ ತಾಳ ಸರಿಯಾಗುತ್ತಿದ್ದುದೂ ನಿಜವೇ. 1989ರಲ್ಲಿ ಪ್ರಯೋಗದ ಫಲ ಬಂದಾಗ, ಮಾತ್ರೆ ತಿಂದವರ ಗುಂಪಿನಲ್ಲಿಯೇ ಹೆಚ್ಚು ಜನ ಸತ್ತಿದ್ದರು. ಗೆರೆ ನೆಟ್ಟಗಾಗಿತ್ತು, ಮನುಷ್ಯ ಉಳಿದಿರಲಿಲ್ಲ. ಕೊರೊನಾ ಕಾಲದಲ್ಲಿ ನಮ್ಮ ಮೆಡಿಕಲ್ ಶಾಪುಗಳಲ್ಲಿ ಜನ ಹುಡುಕಿದ ಹೈಡ್ರಾಕ್ಸಿಕ್ಲೋರೊಕ್ವಿನ್ ಆಸ್ಪತ್ರೆ ಸೇರಿದ ರೋಗಿಗಳಿಗೆ ಉಪಯೋಗವಿಲ್ಲವೆಂದೂ, ಯಾರೂ ತಲೆಕೆಡಿಸಿಕೊಳ್ಳದ ಹಳೆಯ, ಅಗ್ಗದ ಡೆಕ್ಸಾಮೆಥಾಸೋನ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆಂದೂ 2020ರ ಜೂನ್‌ನಲ್ಲಿ ತೋರಿಸಿಕೊಟ್ಟದ್ದು ಬ್ರಿಟನ್ನಿನ ರಿಕವರಿ ಪ್ರಯೋಗದ ಇದೇ ಚೀಟಿ.

ಪ್ರಶ್ನೆ: ಕೆಲವರಿಗೆ ಔಷಧವೇ ಇಲ್ಲದ ಖಾಲಿ ಮಾತ್ರೆ ಕೊಡುತ್ತಾರಂತೆ. ಅದು ಮೋಸವಲ್ಲವೇ?

ಮುಚ್ಚಿಟ್ಟು ಕೊಟ್ಟರೆ ಮೋಸ. ‘ನಿಮಗೆ ಔಷಧವಿಲ್ಲದ ಮಾತ್ರೆ ಬರುವ ಸಾಧ್ಯತೆ ಇಷ್ಟು’ ಎಂದು ಸಮ್ಮತಿ ಪತ್ರದಲ್ಲಿ ಬರೆದಿರಲೇಬೇಕು. ಮಾತ್ರೆ ನುಂಗಿದ್ದೇನೆಂಬ ನಂಬಿಕೆಯಿಂದಲೇ ನೋವು ತಗ್ಗುವುದುಂಟು. ಔಷಧದ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಎಂದು ಬೇರ್ಪಡಿಸಲು ಈ ಉಪಾಯ. ಸಕ್ಕರೆ ಕಾಯಿಲೆಗೋ ಕ್ಷಯಕ್ಕೋ ಒಳ್ಳೆಯ ಔಷಧ ಈಗಾಗಲೇ ಇರುವಾಗ ಅದನ್ನು ತಪ್ಪಿಸಿ ಬರೀ ಖಾಲಿ ಮಾತ್ರೆ ಕೊಟ್ಟು, ಅದರಿಂದ ಹಾನಿಯಾದರೆ, ಭಾರತದ ನಿಯಮದಲ್ಲಿ ಅದು ಪ್ರಯೋಗದಿಂದಾದ ಹಾನಿಯೇ, ಪರಿಹಾರ ಕೊಡಬೇಕು.

ಪ್ರಶ್ನೆ: ಗರ್ಭಿಣಿಯರನ್ನು ಏಕೆ ಸೇರಿಸಿಕೊಳ್ಳುವುದಿಲ್ಲ?

ಥಾಲಿಡೊಮೈಡ್ ಎಂಬ ಹೆಸರು ಇದಕ್ಕೆ ದೊಡ್ಡ ಕಾರಣ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಮಾತ್ರೆಯಾಗಿ ಬಂದ ಇದನ್ನು ಬಸುರಿಯರ ವಾಂತಿಗೂ ಕೊಟ್ಟರು. 1961ರಲ್ಲಿ ಹಿಂದಕ್ಕೆ ಪಡೆಯುವ ಹೊತ್ತಿಗೆ ಹಲವು ದೇಶಗಳಲ್ಲಿ ಒಟ್ಟು ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಅಥವಾ ಬೇರೆ ಊನಗಳೊಂದಿಗೆ ಹುಟ್ಟಿದ್ದರು. ಅಮೆರಿಕದ ಔಷಧ ಇಲಾಖೆಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ, ಕಂಪನಿ ಎಷ್ಟೇ ಒತ್ತಡ ಹಾಕಿದರೂ, ‘ಈ ಆಧಾರ ಸಾಲದು’ ಎಂದು ಕಡತವನ್ನು ಹಿಂದಿರುಗಿಸುತ್ತಲೇ ಇದ್ದುದರಿಂದ ಅಲ್ಲಿ ಅದು ಮಾರಾಟಕ್ಕೆ ಬರಲಿಲ್ಲ. ಔಷಧ ಸುರಕ್ಷಿತ ಎಂದಷ್ಟೇ ಅಲ್ಲ, ಗುಣ ಕೊಡುತ್ತದೆ ಎಂದೂ ಸಾಬೀತುಪಡಿಸಬೇಕೆಂಬ ಕಾನೂನು ಅಮೆರಿಕದಲ್ಲಿ 1962ರಲ್ಲಿ ಬಂದದ್ದು ಇದರ ಬೆನ್ನಿಗೇ. ಗರ್ಭಿಣಿಯರನ್ನು ಹೊರಗಿಡುವ ಎಚ್ಚರಿಕೆಗೆ ಒಂದು ಬೆಲೆಯೂ ಇದೆ: ಅವರಿಗೂ ಬಿ.ಪಿ. ಬರುತ್ತದೆ, ಜ್ವರ ಬರುತ್ತದೆ, ಆದರೆ ಅನೇಕ ಔಷಧಗಳ ಬಗ್ಗೆ ಅವರಿಗೆ ಹೇಳಲು ಪರೀಕ್ಷೆಯ ಆಧಾರ ಇರುವುದಿಲ್ಲ. ಅದೇ ಥಾಲಿಡೊಮೈಡ್ ಇಂದು ಕಠಿಣ ನಿರ್ಬಂಧಗಳೊಂದಿಗೆ ಒಂದು ಬಗೆಯ ರಕ್ತದ ಕ್ಯಾನ್ಸರಿಗೂ ಕುಷ್ಠರೋಗದ ಒಂದು ತೊಡಕಿಗೂ ಬಳಕೆಯಲ್ಲಿದೆ.

ಪ್ರಶ್ನೆ: ಭಾರತದಲ್ಲಿ ಒಪ್ಪಿಗೆ ಕೊಡುವವರು ಯಾರು?

ಕೇಂದ್ರದ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ. ಅದರ ಮುಖ್ಯಸ್ಥರೇ ಭಾರತದ ಔಷಧ ಮಹಾನಿಯಂತ್ರಕರು. ಮೂಲ ಕಾನೂನು 1940ರದು. ಪ್ರಯೋಗ ನಡೆಸಲು ಒಮ್ಮೆ, ಮಾರಾಟಕ್ಕೆ ಇನ್ನೊಮ್ಮೆ ಒಪ್ಪಿಗೆ ಬೇಕು. ಆಯಾ ವಿಷಯದ ತಜ್ಞರ ಸಮಿತಿ ಕಡತವನ್ನು ಪರಿಶೀಲಿಸುತ್ತದೆ. ಪ್ರಯೋಗದ ಅರ್ಜಿಗೆ 2019ರ ನಿಯಮ 90 ಕೆಲಸದ ದಿನಗಳ ಗಡುವು ಇಟ್ಟಿತು. ಭಾರತದಲ್ಲಿಯೇ ಕಂಡುಹಿಡಿದು ಇಲ್ಲಿಯೇ ತಯಾರಿಸುವ ಔಷಧವಾದರೆ 30 ಕೆಲಸದ ದಿನ, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಂತೆಯೇ ಲೆಕ್ಕ. ಮೌನವನ್ನು ಸಮ್ಮತಿ ಎನ್ನುವ ಈ ಏರ್ಪಾಡು ನನಗೆ ಅಷ್ಟು ಹಿಡಿಸಿಲ್ಲ. ನೈತಿಕ ಸಮಿತಿಯ ಒಪ್ಪಿಗೆ ಮಾತ್ರ ಆಗಲೂ ಬೇಕೇ ಬೇಕು ಎಂಬುದು ಸಮಾಧಾನ.

ಪ್ರಶ್ನೆ: ಆ ನೈತಿಕ ಸಮಿತಿಯಲ್ಲಿ ಇರುವವರು ಯಾರು? ಎಲ್ಲರೂ ಆಸ್ಪತ್ರೆಯವರೇ ಅಲ್ಲವೇ?

ಕನಿಷ್ಠ ಏಳು ಸದಸ್ಯರಿರಬೇಕು, ಅವರಲ್ಲಿ ಅರ್ಧದಷ್ಟಾದರೂ ಆಸ್ಪತ್ರೆಗೆ ಸಂಬಂಧಿಸದವರಾಗಿರಬೇಕು. ಒಬ್ಬ ಮಹಿಳೆ, ಒಬ್ಬ ಕಾನೂನು ಬಲ್ಲವರು, ನನ್ನಂತಹ ಒಬ್ಬ ಸಾಮಾನ್ಯ ವ್ಯಕ್ತಿ ಇಲ್ಲದೆ ಸಮಿತಿ ಪೂರ್ಣವಾಗುವುದಿಲ್ಲ. ಸಮಿತಿಯು ಕೇಂದ್ರದಲ್ಲಿ ನೋಂದಣಿಯಾಗಿರಬೇಕು. ತನ್ನದೇ ಸಮಿತಿ ಇಲ್ಲದ ಆಸ್ಪತ್ರೆಯು ಅದೇ ಊರಿನ ಅಥವಾ 50 ಕಿಲೋಮೀಟರ್ ದೂರದೊಳಗಿನ ಇನ್ನೊಂದು ಸಮಿತಿಯನ್ನು ಆಶ್ರಯಿಸಬಹುದು. ಹಾಗೆ ನೋಡಿದರೆ ಹರಿಹರದ ಆಸ್ಪತ್ರೆಯೊಂದರ ಪ್ರಯೋಗವನ್ನು ದಾವಣಗೆರೆಯ ಸಮಿತಿ ನೋಡಿಕೊಳ್ಳಬಹುದು. ಚಿತ್ರದುರ್ಗದ್ದನ್ನು ನೋಡಲಾಗದು, ಅದು ಆ ಅಳತೆಯ ಆಚೆಗಿದೆ.

ಪ್ರಶ್ನೆ: ಸಮ್ಮತಿ ಪತ್ರದಲ್ಲಿ ಏನನ್ನು ಗಮನಿಸಬೇಕು?

ಮೊದಲು, ಅದು ಆಪರೇಷನ್ನಿಗೆ ಮುಂಚೆ ಹಾಕಿಸಿಕೊಳ್ಳುವ ಸಹಿಯಂತಹದಲ್ಲ ಎಂಬುದನ್ನು. ಇಲ್ಲಿ ಆಸ್ಪತ್ರೆಯು ನಿಮ್ಮನ್ನು ಒಂದು ಉಪಕಾರ ಕೇಳುತ್ತಿದೆ. ಇದು ಪ್ರಯೋಗ ಎಂಬ ಮಾತು, ಎಷ್ಟು ತಿಂಗಳು, ಎಷ್ಟು ಬಾರಿ ರಕ್ತ, ಗೊತ್ತಿರುವ ಅಪಾಯಗಳು, ಸೇರದಿದ್ದರೆ ಇರುವ ಬೇರೆ ಚಿಕಿತ್ಸೆ, ತೊಂದರೆಯಾದರೆ ಯಾರನ್ನು ಕೇಳಬೇಕು — ಇಷ್ಟೂ ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು.

‘ತಿಳಿಯುವ ಭಾಷೆ’ ಎಂಬುದು ಎಷ್ಟು ಕಷ್ಟವೆಂದು ನಾನು ಈ ಕೆಲಸದಲ್ಲಿ ಕಲಿತೆ. ಒಮ್ಮೆ ನಮ್ಮ ಮುಂದೆ ಬಂದ ಕನ್ನಡದ ಪತ್ರದಲ್ಲಿ ‘ವಿಷಯದ ತೋಳಿನಿಂದ ರಕ್ತವನ್ನು ಸೆಳೆಯಲಾಗುವುದು’ ಎಂದಿತ್ತು. ಪ್ರಯೋಗಕ್ಕೆ ಸೇರುವ ಮನುಷ್ಯನನ್ನು ಇಂಗ್ಲಿಷಿನಲ್ಲಿ ಕರೆಯುವ ‘ಸಬ್ಜೆಕ್ಟ್’ ಎಂಬ ಪದವನ್ನು ನಿಘಂಟಿನಲ್ಲಿ ನೋಡಿ ‘ವಿಷಯ’ ಎಂದು ಇಳಿಸಿದ್ದರು. ಇನ್ನೊಂದು ಪತ್ರ ‘ನಿಮ್ಮನ್ನು ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಎಂದಿತು. ಕನ್ನಡ ಪಾಠ ಮಾಡಿದ ನಾನೇ ಎರಡು ಸಲ ಓದಬೇಕಾಯಿತು. ‘ಯಾವ ಔಷಧ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ, ನಿಮಗೂ ನಿಮ್ಮ ಡಾಕ್ಟರಿಗೂ ಅದು ಗೊತ್ತಿರುವುದಿಲ್ಲ’ ಎಂದು ಬರೆಯಿರಿ ಎಂದು ಹಿಂದಕ್ಕೆ ಕಳುಹಿಸಿದೆವು.

ಪ್ರಶ್ನೆ: ಅರ್ಜಿಯಲ್ಲಿ ನಾಮಿನಿಯ ಹೆಸರು, ವರಮಾನ ಕೇಳುತ್ತಾರೆ. ಸಾಯುತ್ತೇವೆಂದು ಗೊತ್ತಿದ್ದೇ ಕೇಳುತ್ತಾರೆಯೇ?

ಬಹಳ ಜನ ಪೆನ್ನು ಕೆಳಗಿಡುವುದು ಈ ಜಾಗದಲ್ಲಿ. ಅಕಸ್ಮಾತ್ ಪ್ರಯೋಗದಿಂದಲೇ ಸಾವು ಸಂಭವಿಸಿದರೆ ಪರಿಹಾರ ಯಾರಿಗೆ ಸೇರಬೇಕೆಂಬುದಕ್ಕಾಗಿ ನಿಯಮವೇ ನಾಮಿನಿಯ ಹೆಸರನ್ನು ಕೇಳುತ್ತದೆ. ಎಲ್.ಐ.ಸಿ. ಪಾಲಿಸಿಯಲ್ಲಿಯೂ ನಾವು ನಾಮಿನಿಯನ್ನು ಬರೆಯುವುದಿಲ್ಲವೇ?

ಪ್ರಶ್ನೆ: ನಮ್ಮ ತಾಯಿಗೆ ಓದಲು ಬರುವುದಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಕೇ?

ಸಾಲದು. ಪ್ರಯೋಗಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಆದ್ಯಂತ ಎದುರಿಗಿದ್ದು, ಪತ್ರವನ್ನು ಓದಿ ಹೇಳಿದ್ದನ್ನು ಕೇಳಿ, ತಾವೂ ಸಹಿ ಹಾಕಬೇಕು. 2013ರಲ್ಲಿ ಸ್ವಾಸ್ಥ್ಯ ಅಧಿಕಾರ್ ಮಂಚ್ ಎಂಬ ಸಂಘಟನೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟು ಮಾಡಿದ ಮೇಲೆ ಸಮ್ಮತಿಯನ್ನು ವಿಡಿಯೊ ಮಾಡುವ ಪದ್ಧತಿಯೂ ಬಂದಿತು. ಈಗ ಅದು ಎಲ್ಲರಿಗೂ ಕಡ್ಡಾಯವಲ್ಲ. ಪೂರ್ತಿ ಹೊಸದಾದ ಔಷಧದ ಪ್ರಯೋಗಕ್ಕೆ ದುರ್ಬಲ ಸ್ಥಿತಿಯಲ್ಲಿರುವವರು ಸೇರುವಾಗ ಕಡ್ಡಾಯ.

ಪ್ರಶ್ನೆ: ನಡುವೆ ಬಿಟ್ಟುಬಿಡಬಹುದೇ?

ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ, ಆ ಆಸ್ಪತ್ರೆಯಲ್ಲಿ ನಿಮಗೆ ಸಿಗುವ ಮಾಮೂಲಿ ಚಿಕಿತ್ಸೆ ತಪ್ಪುವಂತಿಲ್ಲ. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ತೊಂದರೆಯಾಗಬಹುದಾದ್ದರಿಂದ ವೈದ್ಯರಿಗೆ ತಿಳಿಸಿ ಬಿಡುವುದು ಕ್ಷೇಮ.

ಪ್ರಶ್ನೆ: ಪ್ರಯೋಗದಿಂದ ತೊಂದರೆಯಾದರೆ ಖರ್ಚು ಯಾರದು?

ಪ್ರಯೋಗ ನಡೆಸುವ ಕಂಪನಿಯದು. ಪ್ರಯೋಗದಿಂದಲ್ಲ ಎಂದು ಸಾಬೀತಾಗುವವರೆಗೆ ಚಿಕಿತ್ಸೆಯನ್ನು ಅದು ಉಚಿತವಾಗಿ ಕೊಡಿಸಬೇಕು. ಗಂಭೀರ ತೊಂದರೆಯನ್ನು ವೈದ್ಯರು 24 ಗಂಟೆಯೊಳಗೆ ಕೇಂದ್ರಕ್ಕೂ ಕಂಪನಿಗೂ ನಮ್ಮ ಸಮಿತಿಗೂ ತಿಳಿಸಬೇಕು. ಸಾವಾದರೆ ಪರಿಹಾರಕ್ಕೆ ಒಂದು ಸೂತ್ರವಿದೆ: 8 ಲಕ್ಷ ರೂಪಾಯಿ ಮೂಲ ಮೊತ್ತ, ಅದರ ಮೇಲೆ ವಯಸ್ಸು ಮತ್ತು ಕಾಯಿಲೆಯ ತೀವ್ರತೆಯ ಲೆಕ್ಕ. ಆದೇಶವಾದ 30 ದಿನಗಳೊಳಗೆ ಹಣ ಕೊಡಬೇಕು.

ಪ್ರಶ್ನೆ: ಆಸ್ಪತ್ರೆಯವರು ಹೇಳುವ ಪ್ರಯೋಗ ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?

ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ 2007ರಲ್ಲಿ ಶುರುವಾಯಿತು, 2009ರ ಜೂನ್‌ನಿಂದ ಕಡ್ಡಾಯವಾಯಿತು. ‘ಸಿಟಿಆರ್‌ಐ’ ಎಂದು ಹುಡುಕಿ, ಸಮ್ಮತಿ ಪತ್ರದಲ್ಲಿರುವ ಸಂಖ್ಯೆಯನ್ನು ಹಾಕಿದರೆ ಯಾವ ಔಷಧ, ಯಾವ ಊರು, ಯಾವ ಆಸ್ಪತ್ರೆ ಎಂಬುದು ಪುಕ್ಕಟೆಯಾಗಿ ಕಾಣುತ್ತದೆ. ಸಂಖ್ಯೆ ಕೇಳಿದಾಗ ತಡವರಿಸಿದರೆ ಎದ್ದು ಬನ್ನಿ.

ಪ್ರಶ್ನೆ: ಹತ್ತು ವರ್ಷ ಬೇಕೆನ್ನುತ್ತೀರಿ, ಕೊರೊನಾ ಲಸಿಕೆ ಒಂದೇ ವರ್ಷದಲ್ಲಿ ಬಂದದ್ದು ಹೇಗೆ?

ಕಾಯುವ ಕಾಲವನ್ನು ಉಳಿಸಿದರು. ಒಂದು ಹಂತ ಮುಗಿಯುವ ಮೊದಲೇ ಮುಂದಿನದನ್ನು ಆರಂಭಿಸಿದರು, ಫಲ ಗೊತ್ತಾಗುವ ಮುಂಚೆಯೇ ಕಾರ್ಖಾನೆಯಲ್ಲಿ ತಯಾರಿಕೆ ಶುರುಮಾಡಿದರು, ಸೋಂಕು ಎಲ್ಲೆಡೆ ಇದ್ದುದರಿಂದ ಫಲವೂ ಬೇಗ ಕಂಡಿತು. ಹಾಗೆಂದು ಎಲ್ಲವೂ ಕ್ರಮಬದ್ಧವಾಗಿತ್ತೆಂದು ಹೇಳಲಾರೆ. 2021ರ ಜನವರಿ 3ರಂದು ಕೋವ್ಯಾಕ್ಸಿನ್‌ಗೆ ತುರ್ತು ಬಳಕೆಯ ಒಪ್ಪಿಗೆ ಕೊಟ್ಟಾಗ, 25,800 ಜನರ ಮೂರನೆಯ ಹಂತದ ಪ್ರಯೋಗದ ಫಲ ಇನ್ನೂ ಬಂದಿರಲಿಲ್ಲ, 77.8 ಶೇಕಡಾ ರಕ್ಷಣೆ ಎಂಬ ಅಂಕಿ ಬಂದದ್ದು ತಿಂಗಳುಗಳ ಮೇಲೆ. ಫಲ ಚೆನ್ನಾಗಿಯೇ ಬಂದಿತು ಎಂಬುದರಿಂದ ಆ ಕ್ರಮದ ಬಗ್ಗೆ ಕೇಳಿದವರು ತಪ್ಪು ಕೇಳಿದರು ಎಂದಾಗುವುದಿಲ್ಲ.

ಪ್ರಶ್ನೆ: ಜೆನೆರಿಕ್ ಮಾತ್ರೆಗಳೂ ಇಷ್ಟೆಲ್ಲ ಪರೀಕ್ಷೆ ದಾಟಿರುತ್ತವೆಯೇ?

ಇಲ್ಲ, ಮತ್ತು ದಾಟಬೇಕಾಗಿಯೂ ಇಲ್ಲ. ಮೂಲ ಔಷಧದ 20 ವರ್ಷಗಳ ಪೇಟೆಂಟ್ ಮುಗಿದ ಮೇಲೆ ಅದೇ ವಸ್ತುವನ್ನು ಬೇರೆಯವರು ತಯಾರಿಸುವಾಗ ರೋಗ ವಾಸಿಯಾಗುತ್ತದೆಯೇ ಎಂದು ಮತ್ತೆ ಸಾವಿರಾರು ಜನರಲ್ಲಿ ನೋಡುವುದಿಲ್ಲ. ಕೆಲವು ಹತ್ತು ಆರೋಗ್ಯವಂತರಲ್ಲಿ ಮೂಲ ಮಾತ್ರೆಯಷ್ಟೇ ಪ್ರಮಾಣ, ಅಷ್ಟೇ ವೇಗದಲ್ಲಿ ರಕ್ತಕ್ಕೆ ಸೇರುತ್ತದೆಯೇ ಎಂದು ನೋಡುತ್ತಾರೆ. ಇಲ್ಲಿ ಬರುವ ‘80ರಿಂದ 125 ಶೇಕಡಾ’ ಎಂಬ ಮಾತನ್ನು ಕೇಳಿ, ಜನೌಷಧಿ ಮಾತ್ರೆಯಲ್ಲಿ ಔಷಧ 80 ಪಾಲು ಮಾತ್ರ ಇರಬಹುದು ಎಂದು ಹೆದರಿಸುವವರಿದ್ದಾರೆ. ಅದು ಮಾತ್ರೆಯೊಳಗಿನ ತೂಕವಲ್ಲ. ಎರಡು ಮಾತ್ರೆಗಳ ರಕ್ತದ ಅಳತೆಗಳನ್ನು ಹೋಲಿಸುವಾಗ ಲೆಕ್ಕದ ಅನಿಶ್ಚಿತತೆಯೂ ಸೇರಿ ದಾಟಬಾರದ ಗೆರೆ.

ಪ್ರಶ್ನೆ: ನಾಟಿ ಔಷಧ, ಆಯುರ್ವೇದದ ಔಷಧಗಳಿಗೆ?

ಅವುಗಳಿಗೆ 1940ರ ಕಾನೂನಿನಲ್ಲಿಯೇ ಬೇರೆ ಅಧ್ಯಾಯವಿದೆ. ಗೊತ್ತುಪಡಿಸಿದ ಪ್ರಾಚೀನ ಗ್ರಂಥಗಳಲ್ಲಿರುವ ಔಷಧ ಮಿಶ್ರಣಗಳನ್ನು ತಯಾರಿಸಲು ರಾಜ್ಯದ ಲೈಸೆನ್ಸ್ ಸಾಕು, ಮೇಲೆ ಹೇಳಿದ ಹಂತಗಳು ಬೇಕಿಲ್ಲ. ಹಳ್ಳಿಯಲ್ಲಿ ಪೊಟ್ಟಣ ಕಟ್ಟಿ ಕೊಡುವ ಪುಡಿಗೆ ಅದೂ ಇರುವುದಿಲ್ಲ. ಅದನ್ನು ತಿನ್ನುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಪ್ರಶ್ನೆ: ಮಾರುಕಟ್ಟೆಗೆ ಬಂದ ಔಷಧ ತಿಂದು ಮೈಮೇಲೆ ಗಂಧೆ ಎದ್ದರೆ, ತಲೆ ಸುತ್ತಿದರೆ ಯಾರಿಗೆ ಹೇಳಬೇಕು?

ಮೊದಲು ಚಿಕಿತ್ಸೆ ಕೊಟ್ಟ ವೈದ್ಯರಿಗೆ. ಆಮೇಲೆ ಸರ್ಕಾರಕ್ಕೆ. ಮೂರು ಸಾವಿರ ಜನರಲ್ಲಿ ಪರೀಕ್ಷಿಸಿದ ಔಷಧ ಹತ್ತು ಸಾವಿರಕ್ಕೊಬ್ಬರಿಗೆ ಮಾಡುವ ಹಾನಿ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ವಯಾಕ್ಸ್ ಎಂಬ ನೋವಿನ ಮಾತ್ರೆ ಲಕ್ಷಾಂತರ ಜನ ತಿಂದ ನಂತರ, ಹೃದಯಾಘಾತದ ಅಪಾಯ ಖಚಿತವಾಗಿ 2004ರಲ್ಲಿ ಹಿಂದಕ್ಕೆ ಹೋಯಿತು. ನಮ್ಮಲ್ಲಿ ಇಂತಹ ದೂರುಗಳನ್ನು ಒಟ್ಟುಗೂಡಿಸುವ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. 1800-180-3024 ಎಂಬ ಉಚಿತ ಸಂಖ್ಯೆಗೆ ರೋಗಿಯೇ ಕರೆ ಮಾಡಬಹುದು, ಕನ್ನಡದ ಅರ್ಜಿಯೂ ಉಂಟು. ಔಷಧದಿಂದಲೇ ಆಯಿತೆಂದು ನೀವು ಸಾಬೀತುಪಡಿಸಬೇಕಾಗಿಲ್ಲ, ಅನುಮಾನ ಸಾಕು. ಅವರು ಮೊದಲು ಕೇಳುವುದು ಔಷಧದ ಹೆಸರು ಮತ್ತು ಬ್ಯಾಚ್ ನಂಬರ್. ಅದು ಇರುವುದು ಮಾತ್ರೆಯ ಪಟ್ಟಿಯ ಒಂದು ಅಂಚಿನಲ್ಲಿ, ಮತ್ತು ನಮ್ಮ ಮೆಡಿಕಲ್ ಶಾಪುಗಳಲ್ಲಿ ನಾಲ್ಕೇ ಮಾತ್ರೆ ಕತ್ತರಿಸಿ ಕೊಡುವಾಗ ಆ ಅಂಚು ಸಾಮಾನ್ಯವಾಗಿ ಅಂಗಡಿಯಲ್ಲಿಯೇ ಉಳಿಯುತ್ತದೆ. ಕೊಳ್ಳುವಾಗಲೇ ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.